ಉಳಿದುದೆಷ್ಟು?

ಕಣ್ಣಿಗೆ ಕಾಣದುದನ್ನು ಅಳೆಯುವ ವಿದ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ಹಗೇವಿನೊಳಗೆ ರಾಗಿ ಎಷ್ಟು ಉಳಿದಿದೆಯೆಂಬುದನ್ನು ಹಳ್ಳಿಯ ಹಿರಿಯರು ಅದರ ಬಾಯಿ ತೆರೆಯದೆಯೇ ಹೇಳಬಲ್ಲವರಾಗಿದ್ದರು. ತುಂಬಿದುದೆಷ್ಟು, ತುಂಬಿ ತಿಂಗಳೆಷ್ಟಾಯಿತು, ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು, ನಡುವೆ ಮದುವೆ ಮುಂಜಿಗಳಾದುವೆ ಎಂದು ಮನಸ್ಸಿನಲ್ಲಿಯೇ ಕೂಡಿ ಕಳೆದು ಅವರು ಹೇಳಿದ ಮಾತು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿದ್ದಿತು. ಅಡುಗೆಯ ಅನಿಲ ಬಂದ ಮೇಲೆ ನಮ್ಮ ಗೃಹಿಣಿಯರು ಹೊಸದೊಂದು ಉಪಾಯವನ್ನು ಕಂಡುಕೊಂಡರು. ಸಿಲಿಂಡರನ್ನು ಒದ್ದೆ ಬಟ್ಟೆಯಿಂದ ಒರಸಿ ಸ್ವಲ್ಪ ಹೊತ್ತು ಬಿಟ್ಟರೆ, ಅನಿಲವು ದ್ರವರೂಪದಲ್ಲಿ ನಿಂತಿರುವ ಮಟ್ಟದವರೆಗೆ ಲೋಹ ತಣ್ಣಗಿದ್ದು ತೇವ ನಿಧಾನವಾಗಿ ಆರುತ್ತದೆ. ಮೇಲಿನ ಭಾಗ ಬೇಗ ಆರುತ್ತದೆ. ಅದೂ ಸಾಲದೆಂದರೆ ಎತ್ತಿ ನೋಡಬಹುದು. ತುಂಬಿದಾಗ ಅದರೊಳಗೆ ಇರುವುದು 14.2 ಕಿಲೋಗ್ರಾಂ ಅನಿಲ. ಕೈ ಅದನ್ನು ಸುಲಭವಾಗಿ ಮರೆಯುವುದಿಲ್ಲ.

ಈಚೆಗೆ ನಮ್ಮ ಮನೆಗಳಿಗೆ ಬಂದು ಸೇರಿರುವ ಒಂದು ಪೆಟ್ಟಿಗೆ ಮಾತ್ರ ಈ ವಿದ್ಯೆಗಳನ್ನೆಲ್ಲ ಸೋಲಿಸಿದೆ. ಅಲುಗಿಸಿದರೆ ಸದ್ದಿಲ್ಲ, ಒರಸಿದರೆ ಗೆರೆಯಿಲ್ಲ, ಎತ್ತಿದರೆ ತುಂಬಿದಾಗ ಎಷ್ಟು ಭಾರವೋ ಬರಿದಾದಾಗಲೂ ಅಷ್ಟೇ ಭಾರ. ವಿದ್ಯುತ್ ಸ್ಕೂಟರಿನ ಬ್ಯಾಟರಿಯ ಮಾತನ್ನು ಹೇಳುತ್ತಿದ್ದೇನೆ.

ಬೆಂಗಳೂರಿಗೂ ವಿದ್ಯುತ್ತಿಗೂ ಹಳೆಯ ನಂಟು. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪತ್ತಿಯಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಗಿ, 1905ರಲ್ಲಿ ಈ ಊರಿನ ಬೀದಿಗಳನ್ನು ಬೆಳಗಿತು. ಗಾಡಿಗಳ ವಿಷಯದಲ್ಲಿಯೂ ಈ ಊರು ಹಿಂದೆ ಬೀಳಲಿಲ್ಲ. 2001ರಲ್ಲಿ ಇಲ್ಲಿಂದ ಹೊರಟ ರೇವಾ ಎಂಬ ಪುಟ್ಟ ಕಾರು ಸೀಸ ಮತ್ತು ಆಮ್ಲದ ಬ್ಯಾಟರಿಗಳನ್ನು ಹೊತ್ತು ಓಡಿತು. 2018ರಲ್ಲಿ ಏಥರ್ ಕಂಪನಿಯ 450 ಎಂಬ ಸ್ಕೂಟರು ಲಿಥಿಯಮ್ ಬ್ಯಾಟರಿಯೊಡನೆ ಈ ಊರಿನಲ್ಲಿಯೇ ಮಾರಾಟಕ್ಕೆ ಬಂದಿತು. ಈಗ ಜಯನಗರದ ಯಾವ ಅಡ್ಡರಸ್ತೆಯಲ್ಲಿ ನಿಂತರೂ ಸದ್ದಿಲ್ಲದೆ ಸರಿದುಹೋಗುವ ಇಂಥ ಗಾಡಿಗಳನ್ನು ಕಾಣಬಹುದು.

ನಮ್ಮ ಮನೆಗೂ ಅಂಥದೊಂದು ಬಂದು ಮೂರು ವರ್ಷಗಳಾದುವು. ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಗೆ, ಜೆ.ಪಿ. ನಗರದಲ್ಲಿರುವ ನನ್ನ ತಂಗಿಯ ಮನೆಗೆ, ಬನಶಂಕರಿ ದೇವಸ್ಥಾನಕ್ಕೆ ಅದೇ ನಮ್ಮ ವಾಹನ. ಅದರ ಮುಖದಲ್ಲೊಂದು ಗಾಜಿನ ಹಲಗೆ. ಹಲಗೆಯ ಮೇಲೊಂದು ಅಂಕೆ. ಅಂಕೆ 40 ಎಂದಾಗ ನನ್ನ ಮಗಳು, “ಇನ್ನೂ ಬೇಕಾದಷ್ಟಿದೆ” ಎಂದು ಹೊರಡುತ್ತಾಳೆ. ಅದೇ ಅಂಕೆಯನ್ನು ನೋಡಿ ನನ್ನ ಹೆಂಡತಿ, “ಇಷ್ಟೇ ಇದೆಯಲ್ಲ” ಎಂದು ಆಟೋರಿಕ್ಷಾ ಕರೆಯುತ್ತಾಳೆ. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಭೌತವಿಜ್ಞಾನದ ಪಾಠ ಹೇಳಿದವನಾದುದರಿಂದ, ಇವರಿಬ್ಬರಲ್ಲಿ ಯಾರದು ಸರಿ ಎಂದು ತೀರ್ಪು ಕೊಡುವ ಭಾರ ನನ್ನ ಮೇಲೆ ಬಿದ್ದಿತು. ನಾನು ಕೊಟ್ಟ ತೀರ್ಪು ಇಬ್ಬರಿಗೂ ಸೇರಲಿಲ್ಲ. ಆ ಅಂಕೆ ಪ್ರತ್ಯಕ್ಷವಲ್ಲ, ಅನುಮಾನ ಎಂದು ನಾನು ಹೇಳಿದೆ.

ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಸಂದೇಹವಲ್ಲವೆಂಬುದನ್ನು ಓದುಗರು ಬಲ್ಲರು. ಹೊಗೆಯನ್ನು ಕಂಡು ಬೆಂಕಿಯುಂಟೆಂದು ತಿಳಿಯುವುದು ಅನುಮಾನ. ಪೆಟ್ರೋಲಿನ ತೊಟ್ಟಿಯಲ್ಲಿ ತೇಲುವ ಬೆಂಡು ಏರಿಳಿದು ಮುಳ್ಳನ್ನು ಆಡಿಸುತ್ತದೆ; ಅಲ್ಲಿ ಅಳೆಯತಕ್ಕ ವಸ್ತುವನ್ನೇ ಮುಟ್ಟಿ ಅಳೆದಂತಾಯಿತು. ಬ್ಯಾಟರಿಯಲ್ಲಿ ಮುಟ್ಟಿ ನೋಡಲು ಏನೂ ಇಲ್ಲ. ಅಲ್ಲಿ ಕಾಣುವುದೆಲ್ಲ ಹೊಗೆ. ಬೆಂಕಿಯನ್ನು ನಾವು ಊಹಿಸಿಕೊಳ್ಳಬೇಕು. ಹಾಗೆ ಊಹಿಸುವುದಕ್ಕೆ ಮುಖ್ಯವಾಗಿ ಎರಡು ದಾರಿಗಳುಂಟು. ಒಂದು ನಾಡಿ ಹಿಡಿಯುವ ವೈದ್ಯನ ದಾರಿ. ಇನ್ನೊಂದು ಖಾತೆ ಬರೆಯುವ ಶಾನುಭೋಗನ ದಾರಿ.

ವೈದ್ಯನ ದಾರಿಯೆಂದರೆ ವೋಲ್ಟುಗಳನ್ನು ನೋಡುವುದು. ಸಾಮಾನ್ಯ ಲಿಥಿಯಮ್ ಸೆಲ್ಲು ತುಂಬಿದಾಗ 4.2 ವೋಲ್ಟು ತೋರಿಸಿ, ಬರಿದಾಗುವ ಹೊತ್ತಿಗೆ 3ರ ಸಮೀಪಕ್ಕೆ ಇಳಿಯುತ್ತದೆ. ಈ ಇಳಿತವನ್ನು ನೋಡಿ ಒಳಗೆ ಇಷ್ಟು ಉಳಿದಿರಬೇಕೆಂದು ಹೇಳಬಹುದು. ಆದರೆ ನಾಡಿ ನೋಡುವವನು ರೋಗಿಯನ್ನು ಮೊದಲು ಕೂರಿಸಿ ಸುಧಾರಿಸಿಕೊಳ್ಳಲು ಬಿಡುತ್ತಾನೆ. ಮಹಡಿ ಹತ್ತಿ ಬಂದವನ ನಾಡಿಯನ್ನು ಹಿಡಿದು ಜ್ವರವೆಂದು ಹೇಳಿದರೆ ಅವನು ವೈದ್ಯನಲ್ಲ. ಬ್ಯಾಟರಿಯದೂ ಅದೇ ಕಥೆ. ಅದು ಕಿರಿಗಂಠದ ಹೂಜಿಯಿದ್ದಂತೆ. ಒಳಗೆ ನೀರಿದ್ದರೂ ಒಮ್ಮೆಲೆ ಬಗ್ಗಿಸಿದರೆ ಬರುವುದು ಸ್ವಲ್ಪವೇ. ಸ್ಕೂಟರು ಏರು ಹತ್ತುವಾಗ ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ, ವೋಲ್ಟುಗಳು ಕುಸಿಯುತ್ತವೆ; ನಿಲ್ಲಿಸಿದೊಡನೆ ಮತ್ತೆ ಮೇಲೇರುತ್ತವೆ. ಒಳಗಿರುವ ಸಂಪತ್ತು ಕ್ಷಣಮಾತ್ರದಲ್ಲಿ ಕರಗಿದುದೂ ಇಲ್ಲ, ನಿಂತಮಾತ್ರಕ್ಕೆ ಹುಟ್ಟಿದುದೂ ಇಲ್ಲ.

ಲಿಥಿಯಮ್ ಬ್ಯಾಟರಿಗಳಲ್ಲಿಯೇ ಇನ್ನೊಂದು ಜಾತಿಯುಂಟು. ಕಬ್ಬಿಣವೂ ಫಾಸ್ಫೇಟೂ ಸೇರಿದುದು. ಬಾಳಿಕೆಯಲ್ಲಿಯೂ ಸುರಕ್ಷತೆಯಲ್ಲಿಯೂ ಅದು ಹೆಸರಾದುದೇ ಸರಿ. ಆದರೆ ಅದರ ನಾಡಿ ಮಾತ್ರ ಯಾವ ಪಂಡಿತನಿಗೂ ಸುಲಭವಾಗಿ ಸಿಕ್ಕುವುದಲ್ಲ. ಮುಕ್ಕಾಲು ತುಂಬಿದ್ದಾಗಲೂ ಕಾಲುಭಾಗ ಉಳಿದಾಗಲೂ ಅದರ ಸೆಲ್ಲು 3.3 ವೋಲ್ಟಿನ ಆಸುಪಾಸಿನಲ್ಲಿಯೇ ಇರುತ್ತದೆ. ಕೊನೆಗೆ ಒಮ್ಮೆಲೆ ಕುಸಿಯುತ್ತದೆ. ಕಷ್ಟವನ್ನು ಯಾರಿಗೂ ಹೇಳಿಕೊಳ್ಳದೆ ನಗುತ್ತಲೇ ಇದ್ದು ಒಂದು ದಿನ ಹಾಸಿಗೆ ಹಿಡಿಯುವ ಯಜಮಾನರನ್ನು ನಾವು ಕಂಡಿಲ್ಲವೆ?

ಆದುದರಿಂದ ಎರಡನೆಯ ದಾರಿ ಬೇಕಾಯಿತು. ಬ್ಯಾಟರಿಯ ಬಾಗಿಲಲ್ಲಿ ಸಣ್ಣದೊಂದು ಯಂತ್ರ ಶಾನುಭೋಗನಂತೆ ಕುಳಿತು, ಒಳಗೆ ಹೋದ ವಿದ್ಯುತ್ತನ್ನು ಜಮೆಗೂ ಹೊರಗೆ ಬಂದುದನ್ನು ಖರ್ಚಿಗೂ ಬರೆದುಕೊಳ್ಳುತ್ತದೆ. ಜಮೆಯಲ್ಲಿ ಖರ್ಚನ್ನು ಕಳೆದರೆ ಉಳಿದುದು ಶಿಲ್ಕು. ಹಗೇವಿನ ರಾಗಿಯನ್ನು ಲೆಕ್ಕ ಹಾಕುತ್ತಿದ್ದ ಹಿರಿಯರ ಕ್ರಮವೂ ಇದೇ. ಇದರಲ್ಲಿರುವ ತೊಡಕೆಂದರೆ, ಪ್ರತಿದಿನವೂ ಕಾಸಿನ ಅರ್ಧಭಾಗದಷ್ಟು ತಪ್ಪು ಬಿದ್ದರೂ ತಿಂಗಳುಗಳು ಕಳೆದ ಮೇಲೆ ಅದು ರೂಪಾಯಿಯಾಗಿ ಕೂರುತ್ತದೆ. ಅದಕ್ಕಾಗಿ ಆಗಾಗ್ಗೆ ಖಜಾನೆಯನ್ನು ತೆರೆದು ಎಣಿಸಿ ಖಾತೆಯನ್ನು ಸರಿಪಡಿಸಬೇಕು. ಬ್ಯಾಟರಿಯನ್ನು ಸಂಪೂರ್ಣವಾಗಿ ತುಂಬಿಸಿದಾಗ ಯಂತ್ರಕ್ಕೆ “ಇದು ನೂರು” ಎಂಬುದು ಖಚಿತವಾಗುತ್ತದೆ. ಅಂದಿನಿಂದ ಹೊಸ ಪುಟ. ಯಾವಾಗಲೂ ಅರ್ಧ ತುಂಬಿಸಿ ಅರ್ಧ ಓಡಿಸುವವರ ಗಾಡಿಯ ಅಂಕೆ ಕೆಲಕಾಲದ ಮೇಲೆ ದಾರಿ ತಪ್ಪುವುದಕ್ಕೆ ಇದೇ ಕಾರಣ. ಒಳ್ಳೆಯ ಗಾಡಿಗಳು ವೈದ್ಯನನ್ನೂ ಶಾನುಭೋಗನನ್ನೂ ಕೂಡಿಸಿಟ್ಟುಕೊಂಡು, ಒಬ್ಬನ ಮಾತನ್ನು ಇನ್ನೊಬ್ಬನಿಂದ ತಿದ್ದಿಸುತ್ತವೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನೂರಕ್ಕೆ ನಲವತ್ತು ಎಂದರೆ ಯಾವ ನೂರಕ್ಕೆ? ಬ್ಯಾಟರಿಗೆ ವಯಸ್ಸಾಗುತ್ತದೆ. ಹೊಸದಾಗಿದ್ದಾಗ ಹತ್ತು ಸೇರು ಹಿಡಿಯುತ್ತಿದ್ದ ಪಾತ್ರೆ ವರ್ಷಗಳು ಉರುಳಿದ ಮೇಲೆ ಎಂಟು ಸೇರು ಹಿಡಿಯುತ್ತದೆ. ಆಗಲೂ ಅದು ತುಂಬಿದರೆ ಗಾಜಿನ ಹಲಗೆ ನೂರು ಎಂದೇ ಹೇಳುತ್ತದೆ. ಮೊದಲಿನ ಹಿಡಿತದಲ್ಲಿ ಐದನೆಯ ಒಂದು ಪಾಲು ಕಳೆದುಹೋದರೆ ಬ್ಯಾಟರಿಗೆ ಗಾಡಿಯ ಸೇವೆಯಿಂದ ನಿವೃತ್ತಿಯ ಕಾಲ ಬಂದಿತೆಂದು ತಿಳಿದವರು ಎಣಿಸುವುದುಂಟು. ರೂಪಾಯಿಯ ಹೆಸರು ಹಾಗೆಯೇ ಇದ್ದು ಅದು ಕೊಳ್ಳುವ ಅಕ್ಕಿ ಕಡಿಮೆಯಾಗುವಂತೆ, ಅಂಕೆಯ ಹೆಸರು ಹಾಗೆಯೇ ಇದ್ದು ಅದು ಓಡಿಸುವ ದೂರ ಕಡಿಮೆಯಾಗುತ್ತದೆ.

ಇನ್ನು ದಾರಿಯ ಮಾತು. ದಕ್ಷಿಣ ಬೆಂಗಳೂರು ನೋಡುವುದಕ್ಕೆ ಸಮನೆಲದಂತೆ ಕಂಡರೂ ನೀರಿಗೆ ಅದರ ಗುಟ್ಟು ಗೊತ್ತು. ಬಸವನಗುಡಿಯ ಆಸುಪಾಸಿನಲ್ಲಿ ಹುಟ್ಟುವ ವೃಷಭಾವತಿಯು ಪಶ್ಚಿಮದ ಇಳಿಜಾರಿನಲ್ಲಿ ಹರಿದು ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಮಡಿವಾಳ, ಬೆಳ್ಳಂದೂರು ಕೆರೆಗಳ ಕಡೆಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ನಡುವೆ ಏರಾದ ದಿಣ್ಣೆ. ಆದುದರಿಂದ ಬಿ.ಟಿ.ಎಂ. ಬಡಾವಣೆಯಿಂದ ಬನಶಂಕರಿಗೆ ಹೋಗುವವರು ತಿಳಿದೋ ತಿಳಿಯದೆಯೋ ಏರುತ್ತಲೇ ಹೋಗುತ್ತಾರೆ. ಈ ಏರಿಗೆ ತಗಲುವ ವೆಚ್ಚವನ್ನು ಲೆಕ್ಕ ಹಾಕಿ ನೋಡೋಣ. ಗಾಡಿಯೂ ಸವಾರನೂ ಸೇರಿ 180 ಕಿಲೋಗ್ರಾಂ ತೂಕ, ಏರು 40 ಮೀಟರು ಎಂದು ಇಟ್ಟುಕೊಂಡರೆ, ಆ ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 20 ವಾಟ್-ಗಂಟೆ. ಸಾಧಾರಣ ಸ್ಕೂಟರೊಂದು ಸಮನೆಲದಲ್ಲಿ ಒಂದು ಕಿಲೋಮೀಟರು ಓಡಲು 25ರಿಂದ 30 ವಾಟ್-ಗಂಟೆ ಬೇಕು. ಎಂದರೆ ಇಡೀ ದಿಣ್ಣೆಯನ್ನು ಹತ್ತಿದ್ದಕ್ಕೆ ಹೆಚ್ಚಾಗಿ ಕೊಟ್ಟ ಸುಂಕ ಒಂದು ಕಿಲೋಮೀಟರಿನಷ್ಟು, ಅಷ್ಟೇ. ಏರು ಅಂಕೆಯನ್ನು ಹೆದರಿಸುವಷ್ಟು ಬೊಕ್ಕಸವನ್ನು ಬರಿದುಮಾಡುವುದಿಲ್ಲ. ಇದು ಹೊಸ ಗಾಡಿಯ ಮಾತು. ಹಳೆಯದರ ಮಾತೇ ಬೇರೆ. ಆ ಮಾತನ್ನು ನನಗೆ ತಿಳಿಸಿಕೊಟ್ಟವನು ರಾಯಚೂರಿನ ಕಡೆಯಿಂದ ಬಂದ ಒಬ್ಬ ಹುಡುಗ.

ಮನೆಮನೆಗೆ ಊಟ ತಲಪಿಸುವ ಹುಡುಗರನ್ನು ಎಲ್ಲರೂ ನೋಡಿದ್ದೇವೆ. ಅವರಲ್ಲಿ ಅನೇಕರು ಓಡಿಸುವುದು ಗಂಟೆಗೆ 25 ಕಿಲೋಮೀಟರಿನ ಮಿತಿಯುಳ್ಳ, 250 ವಾಟಿನೊಳಗಿನ ಮೋಟಾರಿನ ಸಣ್ಣ ಗಾಡಿ. ಅದಕ್ಕೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಕಳೆದ ಮುಂಗಾರಿನ ಒಂದು ಸಂಜೆ, ಮಳೆ ಹಿಡಿದ ಹೊತ್ತಿನಲ್ಲಿ, ಇಂಥ ಗಾಡಿಯೊಡನೆ ಒಬ್ಬನು ನಮ್ಮ ಕಾಂಪೌಂಡಿನ ಹೊಂಗೆಯ ಮರದ ಕೆಳಗೆ ನಿಂತಿದ್ದನು. ನಾನು ಒಳಗೆ ಬಾ ಎಂದು ಕರೆದು ಪೋರ್ಟಿಕೋದಲ್ಲಿ ಕೂರಿಸಿದೆನು. ಅಷ್ಟರಲ್ಲಿ ಅವನ ಫೋನು ಸದ್ದುಮಾಡಿತು. ಅವನು ನೋಡಿ, ಕ್ಷಣ ತಡೆದು, ಬೇಡವೆಂದು ಒತ್ತಿದನು. ಬನಶಂಕರಿ ಎರಡನೆಯ ಹಂತಕ್ಕೆ ಊಟ ಒಯ್ಯಬೇಕಾದ ಕರೆ ಅದು. ಮಳೆಯ ಹೊತ್ತಾದುದರಿಂದ ಕೂಲಿಯ ಮೇಲೆ ಇನ್ನಷ್ಟು ಸಿಕ್ಕುತ್ತಿದ್ದಿತಂತೆ. ಅವನ ಗಾಡಿಯ ಮುಖದಲ್ಲಿ ನಾಲ್ಕು ಗೆರೆಗಳಿಗೆ ಎರಡು ಗೆರೆಗಳು ಉರಿಯುತ್ತಿದ್ದುದನ್ನು ಕಂಡು ನಾನು, “ಅರ್ಧ ಇದೆಯಲ್ಲಪ್ಪ, ಬನಶಂಕರಿಗೆ ಸಾಲದೆ?” ಎಂದು ಕೇಳಿದೆ.

“ಇವು ಕುಂತಾಗಿನ ಗೆರಿರೀ ಸರ,” ಎಂದನು ಅವನು. “ಏರು ಹತ್ತಿದ್ರ ಒಂದಾಗ್ತದ, ಮುಂದ ಅದೂ ಮಿಣಕ್ ಮಿಣಕ್ ಅಂತದ. ದಣಿದ ಎತ್ತು ನೆರಳಿಗಿ ನಿಂತ್ರ ಹುಷಾರ್ ಕಾಣ್ತದ. ಹಂಗಂತ ಮತ್ತ ಒಂದ್ ಎಕರೆ ಹೊಡಿತದೇನ್ರಿ?”

ಮೂವತ್ತು ವರ್ಷ ನಾನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದುದನ್ನು ಅವನು ಒಂದು ಮಾತಿನಲ್ಲಿ ಹೇಳಿದನು. ಅವನ ಗಾಡಿಯಲ್ಲಿದ್ದುದು ಸೀಸ ಮತ್ತು ಆಮ್ಲದ ಹಳೆಯ ಬ್ಯಾಟರಿ. ನಾಲ್ಕು ಪೆಟ್ಟಿಗೆಗಳು ಸೇರಿ 48 ವೋಲ್ಟು. ಅದು ತುಂಬಿ ವಿರಮಿಸುತ್ತಿರುವಾಗ ಸುಮಾರು 51 ವೋಲ್ಟು ತೋರಿಸುತ್ತದೆ. ಬರಿದಾದಾಗ ಸುಮಾರು 47. ಹೊಟ್ಟೆ ತುಂಬಿದುದಕ್ಕೂ ಹಸಿದುದಕ್ಕೂ ಇರುವ ಅಂತರವೇ ನಾಲ್ಕು ವೋಲ್ಟಿನಷ್ಟು. ಮುದಿಯಾದ ಬ್ಯಾಟರಿ ಒಂದು ಏರಿನಲ್ಲಿ ಅಷ್ಟನ್ನೂ ಒಂದೇ ಉಸಿರಿಗೆ ಕಳೆದುಕೊಳ್ಳಬಲ್ಲುದು. ವೋಲ್ಟು ಗೊತ್ತಾದ ಮಿತಿಗಿಂತ ಕೆಳಗಿಳಿದರೆ ಗಾಡಿಯ ಕಾವಲು ಯಂತ್ರ ಮೋಟಾರನ್ನೇ ನಿಲ್ಲಿಸಿಬಿಡುತ್ತದೆ. ಅಲ್ಲದೆ ಸೀಸದ ಬ್ಯಾಟರಿಯಿಂದ ಅವಸರವಾಗಿ ಸೆಳೆದಷ್ಟೂ ಅದು ಒಟ್ಟಿನಲ್ಲಿ ಕೊಡುವುದು ಕಡಿಮೆಯಾಗುತ್ತದೆ. ಇದನ್ನು ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲಿಯೇ ಸೂತ್ರವಾಗಿ ಬರೆದಿಟ್ಟನು. ಇಪ್ಪತ್ತು ಗಂಟೆಗಳಲ್ಲಿ ನಿಧಾನವಾಗಿ ತೆಗೆದುಕೊಂಡರೆ ನೂರು ಪಾಲು ಕೊಡುವ ಬ್ಯಾಟರಿ, ಒಂದೇ ಗಂಟೆಯಲ್ಲಿ ಎಳೆದುಕೊಂಡರೆ ಅರವತ್ತರ ಆಚೀಚೆ ಕೊಟ್ಟು ಕೈಚೆಲ್ಲುತ್ತದೆ.

“ಹಾಗಾದರೆ ಈಗ ಎಷ್ಟು ಉಳಿದಿದೆಯೆಂದು ನಿನಗೆ ಹೇಗೆ ತಿಳಿಯುತ್ತದೆ?” ಎಂದು ಕೇಳಿದೆ. ಅವನು ಗಾಡಿಯ ಮುಂಭಾಗದ ಒಳಮೈಯನ್ನು ತೋರಿಸಿದನು. ಅಲ್ಲಿ ಪೆನ್ಸಿಲಿನಿಂದ ಬರೆದ ಅಂಕೆಗಳ ಸಾಲು. ತುಂಬಿಸಿದಾಗ ಮೈಲಿಯಂತ್ರ ಎಷ್ಟಿದ್ದಿತೋ ಅದನ್ನು ಅವನು ಬರೆದಿಡುತ್ತಾನೆ. ಹೊಸದರಲ್ಲಿ ಅವನ ಗಾಡಿ ಐವತ್ತು ಕಿಲೋಮೀಟರು ಓಡುತ್ತಿದ್ದಿತು; ಈಗ ಇಪ್ಪತ್ತನಾಲ್ಕು. ಅಂದು ತುಂಬಿಸಿದ ಮೇಲೆ ಹತ್ತೊಂಬತ್ತು ಆಗಿದ್ದುವು. ಉಳಿದುದು ಐದು. ತಾವರೆಕೆರೆಯ ಹತ್ತಿರದ ಅವನ ಕೋಣೆಗೆ ಮೂರು ಕಿಲೋಮೀಟರು, ಅದೂ ಬಹುಪಾಲು ಇಳಿಜಾರು. ಬನಶಂಕರಿಗೆ ಹೋಗಿ ಕೋಣೆಗೆ ಹಿಂದಿರುಗಬೇಕಾದರೆ ಹತ್ತು ಬೇಕು. ನಡುದಾರಿಯಲ್ಲಿ ನಿಂತರೆ ತನಗಿಂತ ಭಾರವಾದ ಗಾಡಿಯನ್ನು ಮಳೆಯಲ್ಲಿ ತಳ್ಳಬೇಕು; ಊಟ ಆರುತ್ತದೆ; ಕಾದಿರುವವರ ದೂರು ಅವನ ಹೆಸರಿಗೆ ಬರುತ್ತದೆ. ಬೇಡವೆಂದರೆ ಕೂಲಿ ಹೋಗುತ್ತದೆ. ಬೇಡವೆಂದುದನ್ನೂ ಯಾರೋ ಎಲ್ಲಿಯೋ ಎಣಿಸುತ್ತಿರುವರೆಂಬ ಭಯ ಬೇರೆ. ಹೊಸ ಬ್ಯಾಟರಿ ಹಾಕಿಸಬಾರದೆ ಎಂದು ನಾನು ಕೇಳುವ ಮೊದಲೇ ಅವನು ಉತ್ತರ ಹೇಳಿದನು: ತಂಗಿಯ ಕಾಲೇಜಿನ ಫೀಜು ಕಟ್ಟುವ ತಿಂಗಳು ಇದು, ಬ್ಯಾಟರಿ ದೀಪಾವಳಿಯವರೆಗೆ ಕಾಯಬೇಕು.

ನಮ್ಮ ಮನೆಯಲ್ಲಿ ಅಂಕೆಯು ಒಂದು ಚರ್ಚೆಯ ವಿಷಯ. ನಲವತ್ತೇ ಮೂವತ್ತೇ ಎಂಬುದು ನಮ್ಮ ಕಾಫಿಯ ಹೊತ್ತಿನ ವಿನೋದ. ಇವನಿಗೆ ಅದೇ ಲೆಕ್ಕ ದಿನದಲ್ಲಿ ಇಪ್ಪತ್ತು ಸಲ ಮಾಡಬೇಕಾದ ತೀರ್ಮಾನ. ಪ್ರತಿ ತೀರ್ಮಾನಕ್ಕೂ ಒಂದೊಂದು ಬೆಲೆ. ಲಕ್ಷಕ್ಕೂ ಮೇಲೆ ಕೊಟ್ಟು ಕೊಂಡ ಗಾಡಿಯಲ್ಲಿ ವೈದ್ಯನೂ ಶಾನುಭೋಗನೂ ಒಳಗೇ ಕುಳಿತು ಯಜಮಾನನ ಸೇವೆ ಮಾಡುತ್ತಾರೆ. ಅಗ್ಗದ ಗಾಡಿಯಲ್ಲಿ ನಾಲ್ಕು ಗೆರೆಗಳನ್ನುಳಿದು ಏನೂ ಇಲ್ಲ. ಅಲ್ಲಿ ಸವಾರನೇ ವೈದ್ಯ, ಸವಾರನೇ ಶಾನುಭೋಗ. ಯಾರಿಗೆ ತಪ್ಪಿದರೆ ಹೆಚ್ಚು ನಷ್ಟವೋ ಅವರ ಕೈಯಲ್ಲಿಯೇ ಅತ್ಯಂತ ಒರಟಾದ ಅಳತೆಗೋಲು ಇರುವುದನ್ನು ಕಂಡು ನನಗೆ ಮನಸ್ಸಿನಲ್ಲಿ ಏನೋ ಕಸಿವಿಸಿಯಾಯಿತು.

ಅಷ್ಟರಲ್ಲಿ ನನ್ನ ಹೆಂಡತಿ ಬಾಗಿಲಿಗೆ ಬಂದು, “ಇಲ್ಲೇ ಪ್ಲಗ್ ಇದೆಯಲ್ಲ, ಹಾಕ್ಕೋಬಾರದೇನಪ್ಪ? ಮಳೆ ನಿಲ್ಲೋವರೆಗೂ ಸುಮ್ಮನೆ ಯಾಕೆ ಕೂರ್ತೀಯ?” ಎಂದಳು.

ಅವನು ಸಂಕೋಚದಿಂದ, “ಎಷ್ಟು ಕೊಡಬೇಕ್ರಿ ಅಮ್ಮಾರ?” ಎಂದನು.

“ಕುಡಿಯೋ ನೀರಿಗೆ ಯಾರಾದರೂ ದುಡ್ಡು ತೊಗೋತಾರೇನೋ?”

“ಬೆಂಗಳೂರಾಗ ತಗೋತಾರ್ರಿ,” ಎಂದನು. ಆಕೆಗೆ ಉತ್ತರ ತೋಚಲಿಲ್ಲ, ಮೂವರೂ ನಕ್ಕೆವು.

ಅವನ ಚಾರ್ಜರು ಒಂದು ಗಂಟೆಯ ಕಾಲ ನಮ್ಮ ಗೋಡೆಯಲ್ಲಿದ್ದಿತು. ಅಂಥ ಚಾರ್ಜರು ಎಳೆಯುವುದು ಸುಮಾರು ಇನ್ನೂರು ವಾಟು. ನಷ್ಟವನ್ನೆಲ್ಲ ಕಳೆದರೂ ಅದರಿಂದ ಐದು ಕಿಲೋಮೀಟರಿಗೆ ಮೋಸವಿಲ್ಲ. ನಮ್ಮ ಲೆಕ್ಕಕ್ಕೆ ಬಿದ್ದ ಖರ್ಚು ಒಂದೂವರೆ ರೂಪಾಯಿಯ ಆಸುಪಾಸು. ಅವನು ಪೆನ್ಸಿಲು ತೆಗೆದು ಹಳೆಯ ಅಂಕೆಯ ಪಕ್ಕದಲ್ಲಿ ಐದು ಎಂದು ಜಮೆ ಬರೆದನು. ಮಳೆ ನಿಂತಾಗ ಬಂದ ಕರೆ ಜೆ.ಪಿ. ನಗರದ ಎರಡನೆಯ ಹಂತಕ್ಕೆ. “ಹೋಗಾಕ ಮೂರು, ಅಲ್ಲಿಂದ ರೂಮಿಗಿ ನಾಕು; ಮೂರು ಕೈಯಾಗ ಉಳಿತಾವ,” ಎಂದು ಹೇಳಿ ಹೊರಟನು. ಆ ಲೆಕ್ಕದಲ್ಲಿ ನಾನು ಗಮನಿಸಿದುದು ಒಂದು. “ಎಷ್ಟು ಉಳಿದಿದೆ” ಎಂದು ಅವನು ಕೇಳಲೇ ಇಲ್ಲ. “ಮನೆ ಸೇರಿದ ಮೇಲೆ ಎಷ್ಟು ಉಳಿದೀತು” ಎಂದು ಕೇಳಿದನು. ಪೆಟ್ಟಿಗೆಯೊಂದನ್ನೇ ನೋಡಿ ಹೇಳಬಲ್ಲ ಉತ್ತರ ಅದಲ್ಲ. ದಾರಿಯನ್ನೂ, ಏರನ್ನೂ, ಬ್ಯಾಟರಿಯ ವಯಸ್ಸನ್ನೂ, ಹಿಂದಿರುಗಬೇಕಾದ ಊರನ್ನೂ ಕೂಡಿಸಿದರೆ ಮಾತ್ರ ದೊರೆಯುವ ಉತ್ತರ. ಮಗಳ ನಲವತ್ತು, ಹೆಂಡತಿಯ ನಲವತ್ತು ಎರಡೂ ಇದರಿಂದಲೇ ಸರಿಯಾದುವು: ಮಗಳು ಹೊರಡುವುದು ನಾಲ್ಕನೆಯ ಬ್ಲಾಕಿಗೆ, ಹೆಂಡತಿಯ ಮನಸ್ಸಿನಲ್ಲಿರುವುದು ಕನಕಪುರ ರಸ್ತೆಯ ಆಚೆಗಿರುವ ಅವಳ ಅಕ್ಕನ ಮನೆ, ಅಲ್ಲಿಂದ ರಾತ್ರಿ ಹಿಂದಿರುಗುವ ದಾರಿ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮವಾಗಿದೆ. ತಿಂಗಳಿಗೆ ಒಂದೆರಡು ಸಲ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಶಾನುಭೋಗನ ಖಾತೆಯನ್ನು ಸರಿಪಡಿಸುವುದು. ಅಂದಿನ ಮೈಲಿಯಂತ್ರದ ಅಂಕೆಯನ್ನು ಗೋಡೆಯ ಪಂಚಾಂಗದ ಮೇಲೆ ಬರೆಯುವುದು. ವೋಲ್ಟಿನ ಗೆರೆಗಳನ್ನು ಮಾತ್ರ ತೋರಿಸುವ ಗಾಡಿಯಾದರೆ ಏರಿನಲ್ಲಿಯೂ ನೋಡದೆ, ನಿಂತಾಗಲೂ ನೋಡದೆ, ಸಮನೆಲದಲ್ಲಿ ಒಂದೇ ವೇಗದಲ್ಲಿ ಹೋಗುವಾಗ ನೋಡುವುದು. ಲೆಕ್ಕ ಏನೇ ಹೇಳಲಿ, ಐದರಲ್ಲಿ ಒಂದು ಪಾಲನ್ನು ಮುಟ್ಟದೆ ಬಿಡುವುದು. ಇದರಲ್ಲಿ ಹೊಸ ವಿಜ್ಞಾನವೇನೂ ಇಲ್ಲ. ಹಗೇವನ್ನು ಬಿತ್ತನೆಯ ರಾಗಿಗೆ ಮುಂಚೆಯೇ ಮುಚ್ಚುತ್ತಿದ್ದವರು ನಮ್ಮ ಹಿರಿಯರು.

ವಾರ ಕಳೆದ ಮೇಲೆ ಆ ಹುಡುಗನು ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಅಂದು ಕೋಣೆ ಸೇರಿದಾಗ ಒಂದು ಗೆರೆ ಇನ್ನೂ ಉರಿಯುತ್ತಿದ್ದಿತೆಂದು ಹೇಳಿಹೋದನು. ನನ್ನ ಹೆಂಡತಿ ಎಲೆಕ್ಟ್ರೀಷಿಯನನ್ನು ಕರೆಯಿಸಿ, ಗೇಟಿನ ಒಳಮಗ್ಗುಲಿಗೆ, ಮಳೆ ತಾಗದಂತೆ ಮುಚ್ಚಳವಿರುವ ಒಂದು ಪ್ಲಗ್ಗನ್ನು ಹಾಕಿಸಿದಳು. ಪಕ್ಕದ ಮನೆಯವರು, “ಅರವಟ್ಟಿಗೆ ಇಟ್ಟಿದ್ದೀರಂತೆ, ನಾಳೆ ಜಯನಗರದ ಗಾಡಿಗಳೆಲ್ಲ ನಿಮ್ಮ ಬಾಗಿಲಲ್ಲಿ ಸಾಲಾಗಿ ನಿಂತಾವು” ಎಂದು ಹಾಸ್ಯ ಮಾಡಿದರು. ಈ ಕೆಲವು ತಿಂಗಳುಗಳಲ್ಲಿ ಬಂದವರು ಆ ಹುಡುಗನೂ ಸೇರಿ ಮೂವರು. ವಿದ್ಯುತ್ತಿನ ಬಿಲ್ಲಿನಲ್ಲಿ ಅವರ ಗುರುತನ್ನು ಹುಡುಕಿ ನೋಡಿದೆ, ಕಾಣಲಿಲ್ಲ. ಬೇಸಗೆ ಬರುವ ಮೊದಲು ಅದರ ಪಕ್ಕದಲ್ಲಿ ಒಂದು ಮಣ್ಣಿನ ಹೂಜಿಯನ್ನೂ ಇಡಬೇಕೆಂದು ಆಕೆ ಹೇಳುತ್ತಿದ್ದಾಳೆ.